ಮೂರು ನೀರು ತೊಳೆದ ನಂಗು

ಸಮುದ್ರದ ಮೀನನ್ನು ನಾನು ಮೊದಲು ಕಂಡದ್ದು ಬಸ್ಸಿನ ಟಾಪಿನ ಮೇಲೆ. ತೊಂಬತ್ತರ ದಶಕದ ನಡುವಿನ ಮಾತು. ಆಗ ನಾನು ಸಾರಿಗೆ ಬಸ್ಸಿನ ಕಂಡಕ್ಟರ್. ಹರಪನಹಳ್ಳಿ ಬಿಟ್ಟು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸುತ್ತಿ ಸಂಜೆಗೆ ತಿರುಗಿ ಹರಪನಹಳ್ಳಿಗೇ ಬರುವ ಗಾಡಿ. ಐದು ಊರಿಗೆ ಐದು ಸಂತೆ, ಒಂದೊಂದು ದಿನ ಒಂದೊಂದು ಕಡೆ. ಆ ಐದೂ ಸಂತೆಗೆ ತಪ್ಪದೆ ಹೋಗುತ್ತಿದ್ದವಳು ಹಗರಿಬೊಮ್ಮನಹಳ್ಳಿಯ ಒಬ್ಬ ಅಜ್ಜಿ. ಒಣಮೀನು ಮಾರುವುದು ಅವಳ ಕಸುಬು. ಗಂಡ ಇದ್ದಾಗಿನಿಂದ, ಗಂಡ ಹೋದ ಮೇಲೂ, ನಲವತ್ತು ವರ್ಷ ಅದೇ ಚೀಲ.

ಆ ಚೀಲ ಬಸ್ಸಿನೊಳಗೆ ಬಂದರೆ ಜನ ಮೂಗು ಮುಚ್ಚಿಕೊಂಡು ಬೈಯುತ್ತಿದ್ದರು. ಹಾಗಾಗಿ ನಾನೇ ಏಣಿ ಹತ್ತಿ ಟಾಪಿನ ಮೇಲೆ ಇಟ್ಟು ಬರುತ್ತಿದ್ದೆ. ಒಂದು ದಿನ ಚೀಲದ ಹೊಲಿಗೆ ಬಿಚ್ಚಿ ಒಂದು ಮೀನು ಕೈಗೆ ಬಂತು. ಚಪ್ಪಟೆ. ಹಲಗೆಯಂತೆ ಬಿರುಸು. ಬಿಸಿಲಿಗೆ ಹಿಡಿದು ನೋಡಿದೆ, ಎರಡು ಕಣ್ಣೂ ಒಂದೇ ಮಗ್ಗುಲಿಗಿದ್ದವು. ಇನ್ನೊಂದು ಮಗ್ಗುಲು ಕಣ್ಣಿಲ್ಲದ ಬರೀ ಬಿಳಿ.

ಕೆಳಗಿಳಿದು ಕೇಳಿದೆ. "ಇದೇನಜ್ಜಿ, ಎರಡೂ ಕಣ್ಣು ಒಂದೇ ಕಡಿಗೆ ಅದಾವಲ್ಲ?"

"ನಾಲಿಗಿ ಮೀನು ಅದು. ಒಂದು ಕಡಿಗೆ ನೋಡಿದ್ರ ಸಾಕು ಅದಕ್ಕ. ನಿನ್ನಂಗ ಹಿಂದೊಂದು ಮುಂದೊಂದು ಕಣ್ಣಿಟ್ಟು ಟಿಕೇಟು ಹರೀಬೇಕೇನು?"

"ಹಸೀದಿದ್ದಾಗ ಹೆಂಗಿರತೈತಿ?"

"ನಾನೇನು ಕಂಡೀನೋ ಯಪ್ಪ. ಚೀಲದಾಗ ಬರತೈತಿ, ಚೀಲದಾಗ ಹೋಗತೈತಿ. ಹುಟ್ಟತಾನ ಹಿಂಗ ಒಣಗಿ ಹುಟ್ಟತೈತೇನೋ" ಅಂದು ತಾನೇ ನಕ್ಕಳು. ಊರು ಬಂದು ಚೀಲ ಇಳಿಸಿಕೊಟ್ಟಾಗ ಒಂದು ಹಿಡಿ ಮೀನನ್ನು ಹಾಳೆಯಲ್ಲಿ ಸುತ್ತಿ ನನ್ನ ಟಿಕೆಟ್ ಬ್ಯಾಗಿನ ಮೇಲೆ ಇಟ್ಟಳು.

ಆ ಹಿಡಿ ಮೀನು ತಂದು ನಾನು ತಿಂದದ್ದು ನನ್ನ ಮನೆಯ ಹಿತ್ತಿಲಲ್ಲಿ, ಒಬ್ಬನೇ.

ಇಲ್ಲಿ ಮನೆಯ ವಿಷಯ ಒಂದಿಷ್ಟು ಹೇಳಬೇಕು. ಹರಪನಹಳ್ಳಿಯಲ್ಲಿ ನಮ್ಮದು ಎರಡು ಅಂಕಣದ ಸಣ್ಣ ಮನೆ. ಇದ್ದವರು ನಾನು, ನನ್ನ ಹೆಂಡತಿ. ಮದುವೆಯಾಗಿ ಐದಾರು ವರ್ಷವಾದರೂ ಮಕ್ಕಳಾಗದಾಗ ಅವಳು ಉಜ್ಜಿನಿಯ ಗುಡಿಗೆ ಹೋಗಿ ಹರಕೆ ಹೊತ್ತಳು, ಕಂಡದ ಅಡಿಗೆ, ಅಂದರೆ ಮಾಂಸ ಮೀನು, ಬಿಟ್ಟಳು. ನಮ್ಮದು ಕುರಿ ಸಾಕಿದ ಮನೆತನ. ಅವಳ ತವರಿನಲ್ಲೂ ಹಬ್ಬವೆಂದರೆ ಮರಿ ಬೀಳಲೇಬೇಕು. ಬಾಯಿರುಚಿ ಇಲ್ಲದೆ ಬಿಟ್ಟದ್ದಲ್ಲ. ಮಕ್ಕಳು ಆಮೇಲೂ ಆಗಲಿಲ್ಲ. ಒಂದು ಸಲ ನಾನು ಅಂದೆ, "ಇನ್ನೇನು, ತಿನ್ನು. ದೇವರಿಗೂ ಗೊತ್ತೈತಿ." ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ದೇವ್ರು ಕೊಡ್ಲಿಲ್ಲ ಅಂತ ನಾನು ಆಡಿದ ಮಾತು ನುಂಗಬೇಕೇನ್ರಿ?" ಅಂದಳು. ಮತ್ತೆ ಆ ಮಾತು ಎತ್ತಲು ನನಗೆ ಬಾಯಿ ಬರಲಿಲ್ಲ.

ನನಗೆ ಬೇಡ ಅನ್ನಲಿಲ್ಲ ಅವಳು. ಆದರೆ ಅವಳ ಒಲೆಯ ಮೇಲೆ ಆಗುವಂತಿಲ್ಲ, ಅವಳ ಪಾತ್ರೆಯಲ್ಲಿ ಆಗುವಂತಿಲ್ಲ. ಹಿತ್ತಿಲ ಬೇವಿನ ಮರದ ಬುಡದಲ್ಲಿ ಮೂರು ಕಲ್ಲು ಇಟ್ಟುಕೊಂಡೆ. ಒಂದು ಮಣ್ಣಿನ ಗಡಿಗೆ, ಒಂದು ಅಲ್ಯುಮಿನಿಯಂ ತಾಟು, ಒಂದು ಚಮಚ, ಒಂದು ಉಪ್ಪಿನ ಡಬ್ಬಿ, ಇಷ್ಟು ನನ್ನ ಬೇರೆ ಸಂಸಾರ. ಉಂಡ ಪಾತ್ರೆಗಳನ್ನು ತೊಳೆದು ಗೋಡೆಯ ಗೂಡಿನಲ್ಲಿ ಮಗುಚಿ ಇಡುತ್ತಿದ್ದೆ. ನಾನು ಹಿತ್ತಿಲಲ್ಲಿ ಉಣ್ಣುವ ದಿನ ಅವಳು ಹಿತ್ತಿಲ ಬಾಗಿಲಿಗೆ ಬರುತ್ತಿರಲಿಲ್ಲ. ಬಂದು ಕೂತರೆ ತಣ್ಣೀರಿನಲ್ಲಿ ಮಿಂದೇ ದೇವರ ಮುಂದೆ ದೀಪ ಹಚ್ಚಬೇಕು ಎಂಬ ಕಟ್ಟು ಅವಳು ತಾನೇ ಹಾಕಿಕೊಂಡದ್ದು.

ಮೊದಮೊದಲು ಹದಿನೈದು ದಿನಕ್ಕೊಮ್ಮೆ ಹೀಗೆ ಬೇರೆ ಉಣ್ಣುತ್ತಿದ್ದೆವು. ನನ್ನ ಡ್ಯೂಟಿಗೆ ಹೊತ್ತು ಗೊತ್ತು ಇಲ್ಲ. ಬರುಬರುತ್ತಾ ಎಲ್ಲ ಊಟವೂ ಬೇರೆಯಾಯಿತು. ನಾನು ಬಂದಾಗ ಅವಳು ಬಡಿಸಿ ಒಳಗೆ ಹೋಗುವಳು. ಅವಳು ಯಾವಾಗ ಉಂಡಳೆಂದು ನನಗೆ ಗೊತ್ತಾಗುತ್ತಿದ್ದುದು ಬಚ್ಚಲ ಕಲ್ಲಿನ ಮೇಲೆ ತೊಳೆದ ಅವಳ ತಾಟು ಕಂಡಾಗ. ಜಗಳವೇ ಇರಲಿಲ್ಲ ನಮ್ಮಲ್ಲಿ. ಇದ್ದಿದ್ದರೆ ಎದುರೆದುರು ಕೂತು ಮಾತಾಡಿ ಮುಗಿಸಬಹುದಿತ್ತು.

ಆ ಒಣಮೀನಿನ ದಿನ ಕೆಂಡದ ಮೇಲೆ ಸುಟ್ಟು, ಬೂದಿ ಕೊಡವಿ, ಜೋಳದ ರೊಟ್ಟಿಯ ಜೊತೆ ತಿಂದೆ. ನಾಲಿಗೆ ಸುರ್ ಅನ್ನುವಷ್ಟು ಉಪ್ಪು, ಅದರೊಳಗೆ ಎಳೆ ಎಳೆಯಾಗಿ ಬಿಡಿಸುವ ರುಚಿ. ಚೆನ್ನಾಗಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಬೇವಿನ ಮರದ ಅಳಿಲು ಇತ್ತು. ನಾನು ಹೆಚ್ಚಿನದೇನೂ ಬಯಸಿದವನಲ್ಲ. ಉಣ್ಣುವಾಗ ಎದುರಿಗೆ ಇನ್ನೊಂದು ತಾಟು ಇರಬೇಕು, ಅಷ್ಟೇ.

ಎರಡು ಮೂರು ವರ್ಷದ ಮೇಲೆ ನನ್ನನ್ನು ಕರಾವಳಿಯ ಗಾಡಿಗೆ ಹಾಕಿದರು. ಹೊತ್ತು ಮೂಡುವ ಮೊದಲು ಹರಪನಹಳ್ಳಿ ಬಿಟ್ಟು, ದಾವಣಗೆರೆ, ಶಿವಮೊಗ್ಗ ದಾಟಿ, ಘಟ್ಟ ಇಳಿದು, ಮಧ್ಯಾಹ್ನ ಇಳಿಯುವ ಹೊತ್ತಿಗೆ ಕುಂದಾಪುರ. ಅಲ್ಲೇ ತಂಗಿ ಮರುದಿನ ಬೆಳಿಗ್ಗೆ ತಿರುಗಿ ಹೊರಡುವುದು. ವಾರಕ್ಕೆ ಮೂರು ಸಲ. ಯಾರಿಗೂ ಬೇಡವಾದ ಡ್ಯೂಟಿ. ಮನೆಯಿಂದ ದೂರವಿದ್ದರೆ ಯಾರಿಗೂ ತೊಂದರೆಯಿಲ್ಲದವನು ನಾನೆಂದು ಸಾಹೇಬರಿಗೆ ಗೊತ್ತಿತ್ತು.

ಮೊದಲ ದಿನ ಬಸ್ಸು ನಿಂತು ಬಾಗಿಲು ತೆಗೆದಾಗ ಮೀನಿನ ವಾಸನೆಯ ಒಂದು ಗಾಳಿ ಬಂತು. "ಅಜ್ಜಿ ಹತ್ತಿದಳೇನು?" ಎಂದು ಹಿಂದಿನ ಸೀಟಿನ ಕಡೆ ತಿರುಗಿ ನೋಡಿದೆ. ಹಳೆಯ ಗಾಡಿಯಿಂದ ನನ್ನ ಜೊತೆಗೇ ಬಂದಿದ್ದ ಡ್ರೈವರ್ ನಕ್ಕ. "ಲೇ, ಅದು ಸಮುದ್ರ."

ಡ್ರೈವರ್ ವಿಶ್ರಾಂತಿ ಕೋಣೆಗೆ ಹೋದವನು ಮಲಗಿಬಿಡುತ್ತಿದ್ದ. ನನಗೆ ಹಗಲು ನಿದ್ದೆ ಬಾರದು. ಹೊಳೆ ಸಮುದ್ರ ಸೇರುವ ಕಡೆ ಹೋಗಿ ಕೂರುತ್ತಿದ್ದೆ. ನಾನು ಹೋದದ್ದು ಬಂದದ್ದು ಅಲ್ಲಿ ಯಾರ ಲೆಕ್ಕಕ್ಕೂ ಇರಲಿಲ್ಲ. ನೀರು ಏರುವುದು, ಇಳಿಯುವುದು, ಅದನ್ನು ನೋಡಿಕೊಂಡೇ ಒಂದು ತಿಂಗಳು ಕಳೆದೆ. ನೀರು ಇಳಿದಾಗ ಮರಳ ದಿಬ್ಬ ಮೇಲೆ ಬರುತ್ತಿತ್ತು. ಆಗ ಮುದುಕನೊಬ್ಬ ಬೀಸುಬಲೆ ಹೆಗಲಿಗೆ ಹಾಕಿಕೊಂಡು ಮೊಣಕಾಲು ನೀರಿನಲ್ಲಿ ನಡೆಯುತ್ತಿದ್ದ. ಅವನ ನಡಿಗೆ ವಿಚಿತ್ರ. ಕಾಲು ಎತ್ತುತ್ತಲೇ ಇರಲಿಲ್ಲ. ನೆಲ ಸಾರಿಸುವವರಂತೆ ಪಾದ ಎಳೆದು ಎಳೆದು ಹೋಗುವುದು, ನಡುವೆ ತಟ್ಟನೆ ನಿಂತು ಬಗ್ಗಿ, ಪಾದದ ಕೆಳಗೆ ಕೈ ಹಾಕಿ ಏನನ್ನೋ ಎತ್ತಿ ಸೊಂಟದ ಬುಟ್ಟಿಗೆ ಹಾಕುವುದು.

ಒಂದು ದಿನ ಪ್ಯಾಂಟು ಮಡಚಿ ನಾನೂ ಇಳಿದೆ. ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮುದುಕ ಕೂಗಿದ.

"ಹ್ವಾಯ್, ಕಾಲ್ ಎತ್ತಿ ಇಡ್ಬೇಡಿ ಮಾರಾಯ್ರೇ! ಎಳ್ಕಂಡ್ ನಡೀನಿ. ಅಡಿಗ್ ತೊರಕೆ ಇತ್ತ್. ಅದ್ರ ಬಾಲದ ಮುಳ್ಳ್ ತಾಗಿರೆ ಅಬ್ಬೇ ಅಂತ ಕೂಗ್ತ್ರಿ."

ತೊರಕೆ ಎಂದರೆ ಮರಳಿನಲ್ಲಿ ಅಡಗುವ ಮೀನು, ಬಾಲದಲ್ಲಿ ವಿಷದ ಮುಳ್ಳು. ಮೇಲಿಂದ ತುಳಿದರೆ ಹೊಡೆಯುತ್ತದೆ, ಬದಿಯಿಂದ ಕಾಲು ತಾಗಿದರೆ ತಾನೇ ಸರಿದು ಹೋಗುತ್ತದೆ. ಅಂದಿನಿಂದ ನಾನೂ ಎಳೆದು ನಡೆಯಲು ಕಲಿತೆ. ನಿಧಾನ ನನಗೆ ಹೊಸದಲ್ಲ, ಸಂತೆ ದಿನದ ಬಸ್ಸಿನಲ್ಲಿ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಹೋಗುವುದೂ ಹೀಗೇ. ಮೂರನೆಯ ದಿನವೋ ನಾಲ್ಕನೆಯ ದಿನವೋ ಅಂಗಾಲಿನ ಕೆಳಗೆ ಮರಳು ಮಿಸುಕಿತು. ಮರಳೇ ಮೈ ಮುರಿದಂತೆ. "ಒತ್ತಿ ಹಿಡೀನಿ!" ಮುದುಕ ಅಂದ. ಒತ್ತಿ ಹಿಡಿದು ಕೈ ಹಾಕಿ ಎತ್ತಿದೆ. ಅಂಗೈಯಷ್ಟು ಅಗಲ, ಒಂದೂವರೆ ಗೇಣು ಉದ್ದ, ಮೇಲೆ ಮರಳಿನ ಬಣ್ಣ, ಕೆಳಗೆ ಬಿಳಿ. ಎರಡು ಕಣ್ಣೂ ಒಂದೇ ಮಗ್ಗುಲು. ನಾಲಿಗೆ ಮೀನು! ಜೀವ ಇದ್ದ, ನನ್ನ ಕೈಯಲ್ಲಿ ಬಾಗುವ, ಜಾರುವ ನಾಲಿಗೆ ಮೀನು.

"ನಂಗ್ ಅದ್" ಅಂದ ಮುದುಕ. ನಾಲಿಗೆ ಮೀನಿಗೆ ಅವರ ಕಡೆ ನಂಗು ಅನ್ನುತ್ತಾರೆ. ಅವನ ದನಿಯಲ್ಲಿ ಅಂಥ ಮರ್ಯಾದೆಯೇನೂ ಇರಲಿಲ್ಲ. ಪೇಟೆಯಲ್ಲಿ ನೋಡಿದೆನಲ್ಲ, ಅಂಜಲ್, ಕಾಣೆ, ಪಾಂಪ್ಲೆಟ್ಟು ಎಂದರೆ ಜನ ಮುಗಿಬೀಳುತ್ತಾರೆ. ನಂಗನ್ನು ಮೂಲೆಗೆ ಗುಡ್ಡೆ ಹಾಕಿರುತ್ತಾರೆ, ಬೇರೆ ಮೀನು ಕೊಂಡವರಿಗೆ ಕೊಸರಿಗೆ ಕೊಡುತ್ತಾರೆ. ಮುಳ್ಳು ಕಡಿಮೆ, ಮಕ್ಕಳಿಗೆ ಬಾಣಂತಿಯರಿಗೆ ಒಳ್ಳೆಯದು ಎಂಬುದೊಂದೇ ಅದಕ್ಕಿರುವ ಹೊಗಳಿಕೆ. "ನಿಮ್ಮ ಬದಿಗ್ ಮೀನೇ ಇಲ್ಯಾ? ನಂಗ್ ಕಂಡ್ ಇಷ್ಟ್ ಖುಷಿ ಮಾಡ್ತ್ರಲೆ?" ಎಂದು ಮುದುಕ ನಕ್ಕ. ನಮ್ಮಲ್ಲಿ ಇದು ಚೀಲದಲ್ಲಿ ಬರುತ್ತದೆ ಎಂದರೆ ಅವನಿಗೆ ತಿಳಿಯಲಿಲ್ಲ.

ಅವನ ಮನೆ ಅಲ್ಲೇ ತೆಂಗಿನ ಮರಗಳ ಹಿಂದೆ. ಅವನ ಹೆಂಡತಿ ತಲೆಯ ಹತ್ತಿರ ಸೀಳಿ, ಬೆರಳಿಗೆ ಬೂದಿ ಹಚ್ಚಿಕೊಂಡು, ಮೀನಿನ ಚರ್ಮವನ್ನು ಒಂದೇ ಎಳೆತಕ್ಕೆ ಸುಲಿದಳು. ಒಂದು ಗಳಿಗೆಯಲ್ಲಿ ಸಾರು ಮಾಡಿ ಜಗಲಿಯ ಮೇಲೆ ಬಾಳೆಲೆ ಹಾಕಿ ಬಡಿಸಿದಳು. ಕೆಂಪು ಅಕ್ಕಿಯ ಅನ್ನ, ಕಾಯಿ ಅರೆದ ಕೆಂಪು ಸಾರು. ಬೆಣ್ಣೆಯಂಥ ಮಾಂಸ, ಬಾಚಣಿಗೆಯಂಥ ಒಂದೇ ನಡುಮುಳ್ಳು. ಉಪ್ಪು ಹದವಾಗಿತ್ತು. ಸಮುದ್ರದ್ದೇ ಉಪ್ಪು ಎಂದುಕೊಂಡೆ. ಅವರು ಮನೆಮಂದಿಯೆಲ್ಲ ಒಳಗೆ ಕೂತು ಉಂಡರು. ನಗು ಕೇಳಿಸುತ್ತಿತ್ತು. ನಾನು ಹೊರಗಿನವನು, ಜಗಲಿಯ ಮೇಲೆ. ತಪ್ಪು ಅವರದಲ್ಲ, ನಾನೇ ಒಳಗೆ ಬರುವುದಿಲ್ಲ ಎಂದಿದ್ದೆ. ಆದರೂ ಅಷ್ಟು ಒಳ್ಳೆಯ ಊಟವನ್ನು ತೆಂಗಿನ ಮರಗಳ ಕಡೆ ನೋಡಿಕೊಂಡು ಬೇಗ ಬೇಗ ಮುಗಿಸಿದೆ.

ಆಗ ನೆನಪಾದವಳು ಒಣಮೀನಿನ ಅಜ್ಜಿ. ಇದನ್ನು ಹಸಿಯಾಗಿ ಕಾಣಬೇಕಾದವಳು ಅವಳು. ನನ್ನ ಜೊತೆ ಕೂತು ಉಣ್ಣಲು ಒಪ್ಪುವವಳೂ ಅವಳೊಬ್ಬಳೇ.

ಹರಪನಹಳ್ಳಿ ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಹುಡುಕಿ ಹೇಳಿದೆ. ಅವಳು ನಂಬಲಿಲ್ಲ. "ಮಿಸುಕ್ಯಾಡತೈತಾ? ನಾಲಿಗಿ ಮೀನು? ಹೋಗಲೋ, ಮುದುಕಿ ಸಿಕ್ಕಳಂತ ಕಿವಿಗೆ ಹೂ ಇಡಬ್ಯಾಡ."

"ತರತೀನಿ ಅಜ್ಜಿ. ತಂದು ನಮ್ಮನಿ ಹಿತ್ತಲದಾಗ ನೀನೇ ಮಾಡು. ಇಬ್ಬರೂ ಉಣ್ಣಾನು."

"ನಿನ್ನ ಹೆಂಡ್ತಿ?"

"ಆಕಿ ತಿನ್ನಂಗಿಲ್ಲ."

"ಮತ್ತ ನೀನು ಒಬ್ಬನ ತಿಂತೀಯೇನು, ಇಷ್ಟು ವರ್ಷ?" ಎಂದು ನನ್ನ ಮುಖವನ್ನೇ ನೋಡಿದಳು. "ತಾ ನೋಡನು."

ಮೊದಲ ಸಲ ಒದ್ದೆ ಗೋಣಿಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟು ತಂದೆ. ಶಿವಮೊಗ್ಗ ಬರುವಷ್ಟರಲ್ಲಿ ಮುಂದಿನ ಸೀಟಿನ ಯಜಮಾನರೊಬ್ಬರು, "ಕಂಡಕ್ಟ್ರೇ, ಬಸ್ಸಿನಾಗ ಯಾರರ ಸತ್ತಾರೇನು ಎಣಿಸಿ ನೋಡ್ರಿ" ಅಂದರು. ಡ್ರೈವರ್ ತಿರುಗಿ, "ಅಜ್ಜಿ ಚೀಲ ತಪ್ಪಿತು ಅಂತ ಖುಷಿ ಆಗಿದ್ದೆನಲ್ಲಲೇ, ಈಗ ನೀನೇ ಅಜ್ಜಿ ಆಗೀಯೇನು?" ಎಂದು ಗಾಡಿ ನಿಲ್ಲಿಸಿದ. ರಸ್ತೆ ಬದಿಯ ಹೊಂಡಕ್ಕೆ ಎಸೆದೆ. ಕಾಗೆಗಳು ಬಂದವು.

ಎರಡನೆಯ ಸಲ ಮುದುಕನೇ ಉಪಾಯ ಹೇಳಿಕೊಟ್ಟ. ಹಾಲಿನ ಕ್ಯಾನಿನಲ್ಲಿ ಮಂಜುಗಡ್ಡೆಯ ಪುಡಿ, ಒಂದು ವರಸೆ ಮೀನು, ಮತ್ತೆ ಮಂಜುಗಡ್ಡೆ, ಹೊರಗೆ ಗೋಣಿ ಸುತ್ತಿ ಮರದ ಹೊಟ್ಟು ತುಂಬುವುದು. ಹೊರಡುವ ದಿನ ಬೆಳಕು ಹರಿಯುತ್ತಲೇ ಇಳಿತ ಇತ್ತು. ನಾನೇ ನೀರಿಗಿಳಿದು ಕಾಲಲ್ಲಿ ಹುಡುಕಿ ಏಳು ನಂಗು ಹಿಡಿದೆ. ಅಂದು ಹರಪನಹಳ್ಳಿ ಸಂತೆ. ಸಂಜೆ ಬಸ್ಸು ಬಂದಾಗ ಅಜ್ಜಿ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದಳು.

ಮನೆಯ ಹಿತ್ತಿಲಲ್ಲಿ ಕ್ಯಾನಿನ ಮುಚ್ಚಳ ತೆಗೆದು ಒಂದನ್ನು ಅವಳ ಕೈಗೆ ಕೊಟ್ಟೆ. ಅವಳು ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಬಾಗಿಸಿದಳು, ಬಿಟ್ಟಳು. ಬೆರಳಿನಿಂದ ಕಣ್ಣು ಮುಟ್ಟಿದಳು. ನಲವತ್ತು ವರ್ಷ ಮಾರಿದ ಮೀನು ಅದು. "ಎಷ್ಟು ಮೆತ್ತಗ ಐತೋ ಇದು" ಅಂದಳು ಕೊನೆಗೆ, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಒಂದನ್ನು ಎತ್ತಿಟ್ಟುಕೊಂಡಳು, ನಾಳೆ ಸಂತೆಯಲ್ಲಿ ಉಳಿದ ಮೀನಿನವರಿಗೆ ತೋರಿಸಬೇಕಂತೆ. ನಾನು ಬೂದಿ ಹಚ್ಚಿ ಚರ್ಮ ಸುಲಿಯತೊಡಗಿದರೆ, "ಅಯ್ಯಯ್ಯ, ಕೂಸಿನ ಅಂಗಿ ಬಿಚ್ಚಿದಂಗ ಬಿಚ್ಚತೀಯಲ್ಲೋ!" ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು.

ಅಡಿಗೆ ಮಾತ್ರ ಅವಳದ್ದೇ ಎಂದಿದ್ದೆನಲ್ಲ. ಅವಳು ತನಗೆ ಗೊತ್ತಿದ್ದಂತೆ ಮಾಡಿದಳು. ಒಣಮೀನನ್ನು ಮೂರು ಸಲ ಬಿಸಿನೀರಿನಲ್ಲಿ ನೆನೆಹಾಕಿ ತೊಳೆಯಬೇಕು, ಇಲ್ಲದಿದ್ದರೆ ಉಪ್ಪು ಬಾಯಿಗೆ ಇಡಲು ಬರುವುದಿಲ್ಲ. ಅವಳು ಹಸಿ ನಂಗನ್ನೂ ಹಾಗೇ ಬಿಸಿನೀರಿಗೆ ಹಾಕಿದಳು. ಒಂದು ನೀರು ಚೆಲ್ಲಿದಳು, ಎರಡನೆಯದು, ಮೂರನೆಯದು. ಅಷ್ಟರಲ್ಲೇ ಮೀನು ಅರ್ಧ ಬೆಂದು ಮುಳ್ಳು ಬಿಡತೊಡಗಿತ್ತು. ಒಣಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ಹುಣಸೆಹುಳಿ ಹಿಂಡಿ, ನಾಲ್ಕು ಬದನೆಕಾಯಿ ಸೀಳಿ ಹಾಕಿದಳು. ಉಪ್ಪಿನ ಡಬ್ಬಿಗೆ ನಾನು ಕೈ ಹಾಕಿದಾಗ ಕೈಯ ಮೇಲೆ ಒಂದು ಏಟು ಬಿತ್ತು.

"ಸಮುದ್ರದಾಗ ಹುಟ್ಟಿ ಸಮುದ್ರದಾಗ ಬೆಳದ ಮೀನಿಗೆ ಉಪ್ಪು ಹಾಕ್ತಾರೇನೋ ಹುಚ್ಚ? ಮೂರು ನೀರು ತೊಳದ್ರೂ ಇನ್ನೂ ಇರತೈತಿ ಅದು."

ನನಗೂ ಸರಿ ಅನ್ನಿಸಿತು. ಜೀವಮಾನವೆಲ್ಲ ಆ ಮೀನಿನ ಜೊತೆ ಬಾಳಿದವಳು ಹೇಳುವ ಮಾತು. ಕುಂದಾಪುರದ ಜಗಲಿಯ ಮೇಲೆ ನಾನೂ ಹಾಗೇ ಎಣಿಸಿದ್ದೆ.

ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ನನ್ನ ತಾಟು ಅಜ್ಜಿಗೆ ಕೊಟ್ಟು, ನಾನು ಮುತ್ತುಗದ ಎಲೆಯಲ್ಲಿ ಬಡಿಸಿಕೊಂಡೆ. ಎದುರೆದುರು ಕೂತೆವು. ರೊಟ್ಟಿ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟೆ. ಏನೂ ಇಲ್ಲ. ಹುಳಿ ಇತ್ತು, ಖಾರ ಇತ್ತು, ನಡುವೆ ಮೀನು ಇರಬೇಕಾದ ಜಾಗದಲ್ಲಿ ಒದ್ದೆ ಹತ್ತಿ. ಅಜ್ಜಿಯ ಕಡೆ ನೋಡಿದೆ. ಅವಳು ನಿಧಾನಕ್ಕೆ ಅಗಿಯುತ್ತಿದ್ದಳು.

"ಹೆಂಗೈತಿ ಅಜ್ಜಿ?"

"ಚಲೋ ಐತಿ" ಅಂದಳು. "ಮೆತ್ತಗ ಐತಿ."

"ಹೂಂ. ಭಾಳ ಮೆತ್ತಗ ಐತಿ."

ಇನ್ನೊಂದು ತುತ್ತು. ನನಗೆ ನೋವಾದೀತೆಂದು ಅವಳು, ಅವಳಿಗೆ ನೋವಾದೀತೆಂದು ನಾನು, ಇಬ್ಬರೂ ಸುಳ್ಳು ಹೇಳಿಕೊಂಡು ಅಗಿದೆವು. ನನಗೆ ಒಬ್ಬನೇ ಕೂತು ಉಂಡ ದಿನಗಳಿಗಿಂತ ಹೆಚ್ಚು ಬೇಸರವಾಯಿತು. ಇಷ್ಟು ದೂರದಿಂದ, ಇಷ್ಟು ಜತನದಿಂದ ತಂದ ಮೀನಿಗೆ ಇಬ್ಬರ ನಡುವೆ ಒಂದು ನಿಜವಾದ ಮಾತು ಹುಟ್ಟಿಸಲು ಆಗಲಿಲ್ಲವಲ್ಲ.

ಹಿತ್ತಿಲ ಬಾಗಿಲ ಹಿಂದೆ ಬಳೆ ಸದ್ದಾಯಿತು. ನನ್ನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಉಪ್ಪು ಹಾಕೀರೇನು ಅದಕ್ಕ?" ಅಂದಳು.

ಅಜ್ಜಿ ನಗುತ್ತಾ ತಿರುಗಿದಳು. "ಸಮುದ್ರದ ಮೀನವ್ವ. ಅದರಾಗೇ ಇರತೈತಿ."

"ಬೇವಿನ ಸೊಪ್ಪು ತಿಂದ ಮ್ಯಾಕಿ ಕಹಿ ಇರತೈತೇನಜ್ಜಿ? ಉಪ್ಪು ನೀರಾಗ ಇದ್ದರ ಮೀನು ಉಪ್ಪಾಗತೈತೇನು? ಒಣಗಸೋರು ಉಪ್ಪು ಹಚ್ಚಿ ಒಣಗಸಿರತಾರ."

ಅಜ್ಜಿಯ ಕೈ ತಾಟಿನಲ್ಲೇ ನಿಂತಿತು. ನಾನು ಅಜ್ಜಿಯನ್ನು ನೋಡಿದೆ, ಅಜ್ಜಿ ನನ್ನನ್ನು ನೋಡಿದಳು. ಮೊದಲು ನಕ್ಕವಳು ಅವಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. "ನಲವತ್ತು ವರ್ಷನೋ ಯಪ್ಪ! ಬ್ಯಾರೇರು ಹಾಕಿದ ಉಪ್ಪನ್ನ ಸಮುದ್ರದ್ದು ಅಂತ ಮಾರೀನಿ!" ಮುಂದಿನ ಸಲ ಕುಂದಾಪುರದ ಮುದುಕನಿಗೆ ಇದನ್ನು ಹೇಳಿದಾಗ ಅವನೂ ಬಲೆ ಕೆಳಗಿಟ್ಟು ನಕ್ಕ, ಆ ಮಾತು ಬೇರೆ.

ಹೆಂಡತಿ ಉಪ್ಪು ತಂದಳು. ಹಿತ್ತಿಲ ಡಬ್ಬಿಯಿಂದಲ್ಲ, ತನ್ನ ಅಡಿಗೆಮನೆಯದು, ಎಲೆಯ ಚೂರಿನಲ್ಲಿ. ಹೊಸಲಿನಿಂದಲೇ ಕೈ ಚಾಚಿ ಕೊಟ್ಟು ತಿರುಗಿದಾಗ ಅಜ್ಜಿ ಅಂದಳು, "ನೀನೂ ಕುಂದ್ರವ್ವ."

"ನಂದು ಆಗಂಗಿಲ್ಲ ಅಜ್ಜಿ. ಬಿಟ್ಟೀನಿ."

"ತಿನ್ನು ಅಂದ್ನೇನು? ಕುಂದ್ರು ಅಂದೆ."

ಅವಳು ನಿಂತಳು. ಒಳಗೆ ಹೋದಳು. ಹೋದಳು ಎಂದೇ ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತನ್ನ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಹಾಕಿಕೊಂಡು ಬಂದು ಹೊಸಲಿನ ಮೇಲೆ ಕೂತಳು. ಕಾಲು ಹಿತ್ತಿಲಿಗೆ, ಬೆನ್ನು ಮನೆಗೆ. ಅವಳು ಉಣ್ಣುವುದನ್ನು ನಾನು ಎಷ್ಟು ವರ್ಷದ ಮೇಲೆ ನೋಡಿದೆನೋ. ಉಳ್ಳಾಗಡ್ಡಿಯನ್ನು ಎಡಗೈಯಲ್ಲಿ ಹಿಡಿದು ಕಚ್ಚುತ್ತಾಳೆಂಬುದೂ ಮರೆತುಹೋಗಿತ್ತು. ಅಜ್ಜಿ ಸಂತೆಯ ಸುದ್ದಿ ಹೇಳಿದಳು, ಮೈಲಾರದ ಕಡೆಯ ಒಬ್ಬ ಗಿರಾಕಿ ಮೀನನ್ನು ಮೂಸಿ ಮೂಸಿ ಅರ್ಧ ತಾಸು ನಿಂತು ಕೊಳ್ಳದೆ ಹೋದದ್ದು. "ಮೂಸಿದ್ದಕ್ಕರ ಏನಾರ ಕೊಟ್ಟು ಹೋಗೋ ಅಂದೆ." ಹೆಂಡತಿ ನಕ್ಕಳು.

ಉಪ್ಪು ಬಿದ್ದ ಮೇಲೆ ಸಾರು ಪರವಾಗಿಲ್ಲ ಎನ್ನುವ ಹಾಗಾಯಿತು. ಆದರೆ ಎದ್ದು ಕೈ ತೊಳೆಯುವಾಗ ಅಜ್ಜಿ ನಿಜ ಹೇಳಿಬಿಟ್ಟಳು. "ತಪ್ಪು ತಿಳೀಬ್ಯಾಡ ಕಂಡಕ್ಟ್ರಪ್ಪ. ನೋಡಾಕ ಹಸೀದು ಚಲೋ. ತಿನ್ನಾಕ ಒಣಗಿದ್ದೇ ಚಲೋ." ಅವಳನ್ನು ಬಸ್ಸು ಹತ್ತಿಸಿ ತಿರುಗಿ ಬಂದಾಗ ಬಚ್ಚಲಲ್ಲಿ ನೀರು ಸುರಿಯುವ ಸದ್ದು. ಹೆಂಡತಿ ಮೀಯುತ್ತಿದ್ದಳು. ಆಮೇಲೆ ಒದ್ದೆ ಕೂದಲಲ್ಲೇ ದೀಪ ಹಚ್ಚಿದಳು.

ಅಂದಿನಿಂದ ತಿಂಗಳಿಗೆ ಎರಡು ಸಲ ನಂಗು ತಂದೆ. ಅಜ್ಜಿ ಮತ್ತೆ ಬರಲಿಲ್ಲ. ಕರೆದರೆ, "ಆತಲ್ಲ, ಕಂಡೆನಲ್ಲ" ಎನ್ನುವಳು. ಕಾಯಿ ಅರೆದು, ಉಪ್ಪು ಹಾಕಿ, ಮುದುಕನ ಹೆಂಡತಿ ಹೇಳಿದಂತೆ ನಾನೇ ಮಾಡಿಕೊಳ್ಳಲು ಕಲಿತೆ. ನಾನು ಗಡಿಗೆ ಇಳಿಸುವ ಹೊತ್ತಿಗೆ ಹೆಂಡತಿ ತಾಟು ಹಿಡಿದು ಹೊಸಲಿಗೆ ಬಂದು ಕೂರುತ್ತಿದ್ದಳು. ಹೆಚ್ಚು ಮಾತಿಲ್ಲ. ಅಜ್ಜಿಯಂತೆ ಸುದ್ದಿ ಹೇಳಲು ನಮಗಿಬ್ಬರಿಗೂ ಬರುತ್ತಿರಲಿಲ್ಲ. ಉಂಡು ಎದ್ದ ಮೇಲೆ ತಪ್ಪದೆ ಬಚ್ಚಲಲ್ಲಿ ನೀರಿನ ಸದ್ದು.

ಚಳಿಗಾಲ ಬಂತು. ಒಂದು ಸಂಜೆ ಮಿಂದು ಬಂದವಳ ಹಲ್ಲು ಕಟಕಟ ಅನ್ನುತ್ತಿದ್ದವು, ದೀಪದ ಬತ್ತಿ ಹಿಡಿದ ಬೆರಳು ನಡುಗುತ್ತಿತ್ತು. ನನ್ನ ಊಟಕ್ಕೆ ಜೊತೆಯಾಗಲು ಅವಳು ಪ್ರತಿ ಸಲ ಇಷ್ಟು ತಣ್ಣೀರು ಹೊಯ್ದುಕೊಳ್ಳಬೇಕು ಎಂಬುದು ನನಗೆ ಅಷ್ಟು ದಿನ ಹೊಳೆದಿರಲಿಲ್ಲ. ಮೀನು ತರುವುದನ್ನು ನಿಲ್ಲಿಸಿದೆ. ಅವಳಿಗೆ ಹೇಳಲಿಲ್ಲ. ಎದುರಿನ ತಾಟು ಇನ್ನು ಇರುವುದಿಲ್ಲ, ಇರಲಿ ಎಂದು ಮನಸ್ಸಿಗೆ ಹೇಳಿಕೊಂಡೆ. ಅಭ್ಯಾಸವಿದ್ದ ಸಂಗತಿಯೇ.

ಮೂರನೆಯ ಸಲವೂ ಬರಿಗೈಯಲ್ಲಿ ಬಂದಾಗ ಅವಳು ಕೇಳಿದಳು. "ಇವತ್ತೂ ತಂದಿಲ್ಲೇನು?"

"ಸಮುದ್ರದಾಗ ಮೀನು ಕಡಿಮಿ ಆಗ್ಯಾವ."

"ಸಮುದ್ರದಾಗ?" ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು. ಅವಳ ಎದುರು ಸುಳ್ಳು ಹೇಳಲು ನನಗೆ ಮೊದಲಿನಿಂದಲೂ ಬಾರದು.

"ಚಳಿಯಾಗ ಎಷ್ಟಂತ ಮೀತೀ? ನನ್ನ ಸಲುವಾಗಿ" ಅಂದೆ.

ಹಂಚಿನ ಮೇಲಿನ ರೊಟ್ಟಿ ಉಬ್ಬಿತು. ಅದನ್ನು ತಿರುವಿ ಹಾಕಿ, ನನ್ನ ಕಡೆ ನೋಡದೆ ಅಂದಳು. "ಮೀನಿನ ದಿನ ಅಷ್ಟ ನಿಮಗ ಜತಿ ಬೇಕೇನು? ಉಳಿದ ದಿನ ನಾನು ಇಲ್ಲೇ ಇರತೀನಲ್ಲ. ಇಷ್ಟು ವರ್ಷದಾಗ ಒಂದು ದಿನ ಕುಂದ್ರು ಅಂದಿಲ್ಲ ನೀವು. ಯಾರೋ ಮೀನು ಮಾರೋ ಮುದುಕಿ ಬಂದು ಅನ್ನಬೇಕಾತು."

ಅವಳ ಹರಕೆಯೇ ನಮ್ಮಿಬ್ಬರ ನಡುವಿನ ಗೋಡೆ ಎಂದು ಅಷ್ಟು ವರ್ಷ ತಿಳಿದಿದ್ದೆ. ವರ್ಷದ ಮುನ್ನೂರು ಚಿಲ್ಲರೆ ದಿನ ಆ ಗೋಡೆ ಇರಲೇ ಇಲ್ಲ. ಬಡಿಸಿ ಒಳಗೆ ಹೋಗುತ್ತಿದ್ದವಳು ಕರೆಯಲಿ ಎಂದು ಕಾದಿದ್ದಳೋ ಏನೋ. ನಾನು ತಾಟಿನ ಕಡೆ ನೋಡಿಕೊಂಡು ಉಣ್ಣುತ್ತಿದ್ದೆ.

"ಕುಂದ್ರು" ಅಂದೆ. ಎಷ್ಟು ಸಣ್ಣ ಮಾತು, ಬಾಯಿಂದ ಬರಲು ಎಷ್ಟು ತಡವಾಯಿತು.

ಅವಳು ಕೊನೆಯ ರೊಟ್ಟಿ ಇಳಿಸಿ, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು, ತನ್ನ ತಾಟು ಹಾಕಿಕೊಂಡು ಎದುರಿಗೆ ಕೂತಳು. ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಮೊದಲ ರೊಟ್ಟಿ ಮುಗಿಯಿತು. "ಚಟ್ನಿ ಖಾರ ಆಗೈತಿ" ಅಂದೆ. "ಹೂಂ, ಮೆಣಸಿನಕಾಯಿ ಹೊಸವು" ಅಂದಳು. ಅಷ್ಟೇ. ನಾನು ಹತ್ತು ನಿಮಿಷ ಬಸ್ಸು ನಿಲ್ಲುವ ಹೋಟೆಲುಗಳಲ್ಲಿ ಉಂಡು ಬೆಳೆದವನು, ನನ್ನ ತಾಟು ಬೇಗ ಬರಿದಾಯಿತು. ಅವಳು ನಿಧಾನಿ, ಇನ್ನೂ ಒಂದೂವರೆ ರೊಟ್ಟಿ ಉಳಿದಿತ್ತು. ಏಳಲು ಹೋದವನು ಏಳಲಿಲ್ಲ. ಅವಳು ಮಜ್ಜಿಗೆ ಕುಡಿದು ಮುಗಿಸುವವರೆಗೆ ಕೂತೇ ಇದ್ದೆ. ಬಲಗೈ ಪೂರಾ ಒಣಗಿ ಬೆರಳಿಗೆ ಬೆರಳು ಅಂಟಿಕೊಂಡಿತ್ತು.